ಈಗ ಬರುತ್ತೆ ನೋಡು

ಕ್ರೀಡಾಂಗಣದ ಹೊರಗೆ ಕಬ್ಬಿಣದ ಅಡ್ಡಗಂಬಿಗಳ ನಡುವೆ ಸುತ್ತಿ ಸುತ್ತಿ ಬರುವ ಸಾಲಿನಲ್ಲಿ ನಿಂತಿದ್ದಾಗ ಅವನಿಗೆ ನೆನಪಾದದ್ದು ಹಾಡಲ್ಲ, ಅಣ್ಣನ ಗದ್ದ. ಬೆಳಿಗ್ಗೆ ಕ್ಷೌರ ಮಾಡುವಾಗ ಬಲಗಡೆ ದವಡೆಯ ಅಂಚಿನಲ್ಲಿ ಒಂದು ಚೂರು ಗಡ್ಡ ಹಾಗೇ ಉಳಿದುಬಿಟ್ಟಿತ್ತು. ಪ್ರತಿ ಭಾನುವಾರ ಬಿಸಿನೀರಿನ ಬಟ್ಟಲು, ಟವೆಲು, ಕನ್ನಡಿ ಎಲ್ಲ ಜೋಡಿಸಿಕೊಂಡು, ಜೋತುಬಿದ್ದ ಬಲಗೆನ್ನೆಯನ್ನು ಎರಡು ಬೆರಳಲ್ಲಿ ಎಳೆದು ಹಿಡಿದು ನಿಧಾನವಾಗಿ ಮಾಡುವ ಕೆಲಸ ಅದು. ಲಕ್ವ ಹೊಡೆದು ಮಾತು ಹೋದ ಅಣ್ಣನಿಗೆ ತಾನು ಸರಿಯಾಗಿ ಮಾಡಬಲ್ಲ ಸೇವೆ ಇದೊಂದೇ ಎಂದು ಅವನಿಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಇವತ್ತು ಮಾತ್ರ ಕೈ ಅವಸರ ಮಾಡಿತು. ಅಣ್ಣನ ಕಣ್ಣು ತನ್ನ ಮುಖದ ಮೇಲಿದೆ ಎಂದು ಗೊತ್ತಿದ್ದೂ ಅವನು ಸೋಪಿನ ನೊರೆಯನ್ನಷ್ಟೇ ನೋಡುತ್ತಿದ್ದ. "ಇವತ್ತೂ ಅಂಗಡಿಗೆ ಹೋಗ್ಬೇಕು ಕಣಣ್ಣ. ಲೆನ್ಸ್ ಬಂದು ಬಿದ್ದಿವೆ, ನಾಳೆ ಬೆಳಿಗ್ಗೆನೇ ಕೊಡ್ಬೇಕು" ಎಂದ. ಯಾರು ಕೇಳಿದ್ದರು? ಸುಳ್ಳು ಹೇಳುವವರ ಹಣೆಬರಹವೇ ಇಷ್ಟು, ಕೇಳದ ಪ್ರಶ್ನೆಗೂ ಉತ್ತರ ಕೊಡುತ್ತಾರೆ. ದೊಡ್ಡ ಸುಳ್ಳನ್ನು ಹಿಂದಿನ ಸಂಜೆಯೇ ಹೇಳಿ ಮುಗಿಸಿದ್ದ. "ನಾಳೆ ಕಾರ್ಯಕ್ರಮ ಇಲ್ವಂತೆ ಅಣ್ಣ. ಹಾಡೋನಿಗೆ ಗಂಟಲು ಕಟ್ಟಿದೆಯಂತೆ." ಅಣ್ಣ ಸ್ವಾಧೀನದಲ್ಲಿರುವ ಎಡಗೈಯನ್ನು ಚಾಚಿ ತಮ್ಮನ ಮುಂಗೈಯನ್ನು ಮೆಲ್ಲಗೆ ತಟ್ಟಿದ. ಅಂದರೆ ಸಮಾಧಾನ ಮಾಡಿದ! ಆ ತಟ್ಟಿದ ಜಾಗವನ್ನು ಅವನು ರಾತ್ರಿಯೆಲ್ಲ ಹೊದಿಕೆಯೊಳಗೆ ಉಜ್ಜಿಕೊಳ್ಳುತ್ತಾ ಮಲಗಿದ್ದ. ಅಡುಗೆಮನೆಯಲ್ಲಿ ಹೆಂಡತಿ ಪಾತ್ರೆ ಒರೆಸುತ್ತಾ, ತಿರುಗಿಯೂ ನೋಡದೆ ಹೇಳಿದ್ದಳು: "ನಾನಾಗಿ ಭಾವಂಗೆ ಏನೂ ಹೇಳಲ್ಲ. ಅವರು ಕೇಳಿದ್ರೆ ಮಾತ್ರ ಸುಳ್ಳು ಹೇಳಲ್ಲ. ಕೇಳೋಕೆ ಅವರಿಗೆ ಬಾಯಿಲ್ಲ, ನಿಮ್ಮ ಪುಣ್ಯ."

ಗೇಟಿನಲ್ಲಿ ಚೀಲ ತಡವುವವನು ಅವನ ಕೊಡೆಯನ್ನು ಕಿತ್ತುಕೊಂಡು ಕೊಡೆಗಳ ರಾಶಿಗೆ ಎಸೆದ. ಆಮೇಲೆ ಅಂಗಿಯ ಜೇಬಿನಿಂದ ಪುಟ್ಟ ಬಾಟಲಿಯೊಂದನ್ನು ಹೊರತೆಗೆದು ಮೂಸಿ ನೋಡಿದ. "ಇದೇನು?" "ಕನ್ನಡಕ ಒರೆಸೋ ದ್ರಾವಣ. ನಾನು ಕನ್ನಡಕದ ಅಂಗಡೀಲಿ ಕೆಲಸ ಮಾಡೋದು." "ಇಲ್ಲಿ ಯಾರ ಕನ್ನಡಕ ಒರೆಸ್ತೀರಾ ಅಂಕಲ್?" ಹಿಂದಿನ ಹುಡುಗರು ನಕ್ಕರು. ಅವನೂ ನಕ್ಕ. ತನ್ನನ್ನು ನೋಡಿ ನಗುವವರ ಜೊತೆ ಸೇರಿ ನಗುವ ಅಭ್ಯಾಸ ಅವನಿಗೆ ಅಂಗಡಿಯಲ್ಲೇ ಆಗಿತ್ತು. ಬಾಟಲಿ ವಾಪಸ್ಸು ಬಂತು. "ಮಗಳನ್ನ ಬಿಡೋಕೆ ಬಂದ್ರಾ? ಬಿಡೋರು ಆಚೆ ಗೇಟು." "ಇಲ್ಲ, ನಾನೇ. ನಂದೇ ಟಿಕೆಟ್ಟು." "ಎರಡಿದೆಯಲ್ಲ, ಇನ್ನೊಬ್ಬರೆಲ್ಲಿ?" "ಹಿಂದೆ ಬರ್ತಿದ್ದಾರೆ" ಎಂದುಬಿಟ್ಟ. ಎಂದವನು ನಿಜವಾಗಿಯೂ ಹಿಂತಿರುಗಿ ನೋಡಿದ. ಅಡ್ಡಗಂಬಿಗಳ ಆಚೆ, ಜನರ ತಲೆಗಳ ನಡುವೆ, ಗಾಲಿಕುರ್ಚಿಗಳಿಗೆಂದು ಬಿಟ್ಟ ಅಗಲವಾದ ದಾರಿಯಲ್ಲಿ ಯಾವುದೋ ಹೆಂಗಸು ಒಬ್ಬ ಮುದುಕನನ್ನು ಆರಾಮವಾಗಿ ತಳ್ಳಿಕೊಂಡು ಹೋಗುತ್ತಿದ್ದಳು. ಮುದುಕ ತಲೆಗೆ ಕೆಂಪು ಬಟ್ಟೆ ಕಟ್ಟಿಕೊಂಡಿದ್ದ. ಯಾರೂ ಅವನನ್ನು ತಿರುಗಿ ನೋಡುತ್ತಿರಲಿಲ್ಲ. ಗೇಟಿನವನು ಇವನ ಮಣಿಕಟ್ಟಿಗೆ ಹಸಿರು ಕಾಗದದ ಪಟ್ಟಿ ಸುತ್ತಿ ಅಂಟಿಸಿ, ಮುಂಗೈ ಮೇಲೆ ಒಂದು ಮುದ್ರೆ ಒತ್ತಿದ. ಅಣ್ಣ ತಟ್ಟಿದ ಜಾಗಕ್ಕೇ ಸರಿಯಾಗಿ.

ಆ ಹಾಡು ಬೇರೆಯವರಿಗೆಲ್ಲ ಒಂದು, ಅವರಿಬ್ಬರಿಗೆ ಒಂದು. ಅಣ್ಣ ಹೈಸ್ಕೂಲಿನಲ್ಲಿದ್ದಾಗ ಗೆಳೆಯನ ಮನೆಯಲ್ಲಿ, ಇವತ್ತು ಹಾಡಲಿರುವ ಈ ನಾಲ್ವರ ತಂಡದ ಹಾಡು ಕೇಳಿ ಹುಚ್ಚು ಹಿಡಿಸಿಕೊಂಡು, ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಂಡು ತಂದಿದ್ದ. ಮನೆಯಲ್ಲಿದ್ದದ್ದು ಅಪ್ಪನ ಹಳೇ ಟೇಪ್ ರೆಕಾರ್ಡರು. ಒಳಗಿನ ರಬ್ಬರ್ ಬೆಲ್ಟು ಸಡಿಲಾಗಿ ಅದರಲ್ಲಿ ಎಲ್ಲವೂ ನಿಧಾನ. ಹಾಡುವವನ ದನಿ ನೆಗಡಿಯಾದವನ ದನಿಯ ಹಾಗೆ ಭಾರವಾಗಿ, ಎಲ್ಲೋ ನೆಲದಡಿಯಿಂದ ಬರುತ್ತಿತ್ತು. ಅವನಿಗೆ ಅದೇ ಆ ತಂಡದ ದನಿ. ಮೊದಲ ಸಲ ಕೇಳಿದ ಮಧ್ಯಾಹ್ನ ಪಕ್ಕದ ಕೋಣೆಯಲ್ಲಿ ಅಪ್ಪ ಮಲಗಿದ್ದರು. ಇಬ್ಬರೂ ಟೇಪಿಗೆ ಕಿವಿ ಒತ್ತಿ ಬೋರಲು ಬಿದ್ದಿದ್ದರು. ಅವನು ಚಿಕ್ಕವನು, ಸುಮ್ಮನೆ ಕೇಳುವ ಜಾತಿಯಲ್ಲ, ಇದ್ಯಾರು, ಅದೇನಂದ, ಯಾಕೆ ಅಳ್ತಾನೆ ಎಂದು ಪಿಟಿಪಿಟಿ ಮಾಡುತ್ತಲೇ ಇದ್ದ. ಹಾಡಿನ ನಡುವೆ ಒಂದು ಜಾಗ ಬರುತ್ತದೆ, ಅಲ್ಲಿ ಮಾತೆಲ್ಲ ನಿಂತು ಗಿಟಾರ್ ಒಂದೇ ಹಾಡುತ್ತದೆ, ಅದನ್ನು ಕೇಳಿದರೆ ಸತ್ತರೂ ಪರವಾಗಿಲ್ಲ ಎಂದು ಅಣ್ಣ ವಾರದಿಂದ ಹೇಳುತ್ತಿದ್ದ. ಆ ಜಾಗಕ್ಕೆ ಸರಿಯಾಗಿ ರೇಗಿಹೋಗಿ ಟೇಪು ನಿಲ್ಲಿಸಿ, ಇವನ ತಲೆಗೊಂದು ಮೊಟಕಿ, ಮತ್ತೆ ಗುಂಡಿ ಒತ್ತಿದ. ಪಕ್ಕದ ಕೆಂಪು ಗುಂಡಿಯೂ ಅದರ ಜೊತೆ ಒಳಗೆ ಹೋದದ್ದನ್ನು ಇಬ್ಬರೂ ನೋಡಲಿಲ್ಲ. "ಏಯ್, ಸುಮ್ನಿರೋ! ಈಗ ಬರುತ್ತೆ ನೋಡು" ಎಂದ ಅಣ್ಣ. ಇಬ್ಬರೂ ಉಸಿರು ಹಿಡಿದು ಕಾದರು. ಏನೂ ಬರಲಿಲ್ಲ. ಬರಬೇಕಾದದ್ದನ್ನು ಟೇಪು ಅಳಿಸುತ್ತಾ, ಅದರ ಮೇಲೆ ಅವರು ಕಾಯುತ್ತಿರುವ ಸದ್ದನ್ನು ಬರೆದುಕೊಳ್ಳುತ್ತಿತ್ತು.

ಅಂದಿನಿಂದ ಅವರ ಹಾಡು ಹಾಗೇ ಆಯಿತು. ಭಾರವಾದ ದನಿ, ಒಂದು ಟಕ್ ಸದ್ದು, ಒಡೆಯುತ್ತಿರುವ ಗಂಟಲಲ್ಲಿ ಅಣ್ಣನ "ಏಯ್, ಸುಮ್ನಿರೋ! ಈಗ ಬರುತ್ತೆ ನೋಡು", ಆಮೇಲೆ ಗೋಡೆಯಾಚೆ ಅಪ್ಪನ ಕೆಮ್ಮು, ತನ್ನದೇ ಪುಟ್ಟ ಉಸಿರು, ಇನ್ನೊಂದು ಟಕ್, ಹಾಡಿನ ಬಾಲ. ಇನ್ನೊಮ್ಮೆ ತುಂಬಿಸಿಕೊಳ್ಳೋಣ ಎಂದರೆ ಗೆಳೆಯನ ಮನೆಯವರು ಊರು ಬಿಟ್ಟಿದ್ದರು. ವರ್ಷಗಳಾದ ಮೇಲೆ ಟೇಪನ್ನು ಆ ರೆಕಾರ್ಡರೇ ನುಂಗಿತು, ಬಿಡಿಸಲು ಹೋಗಿ ತುಂಡಾಯಿತು, ಆದರೆ ಅಷ್ಟರಲ್ಲಿ ಇಬ್ಬರಿಗೂ ಕೆಮ್ಮಿನ ಸಮೇತ ಎಲ್ಲ ಬಾಯಿಪಾಠವಾಗಿತ್ತು. ಹಾಡುಗಳೆಲ್ಲ ಫೋನಿಗೆ ಬಂದ ಕಾಲದಲ್ಲಿ ಅವನು ಅದನ್ನು ಹುಡುಕಿ ಹಾಕಿದ್ದ. ಯಾರೋ ಅವಸರದವನು, ಕೀಚಲು ದನಿಯವನು ಹಾಡುತ್ತಿದ್ದ. ಆ ಜಾಗ ಬರುವ ಮೊದಲೇ ಅಣ್ಣ ಫೋನು ಕಿತ್ತುಕೊಂಡು ಆರಿಸಿದ. "ಬೇಡ. ಆ ಜಾಗ ಕೇಳೋದಾದ್ರೆ ಅವರ ಎದುರಿಗೇ ನಿಂತು ಕೇಳೋಣ. ಇಬ್ರೂ. ಅಲ್ಲಿವರೆಗೂ ನೀನು ಕೇಳ್ಕೂಡ್ದು, ನಾನೂ ಕೇಳಲ್ಲ." ತಮಾಷೆಗೆ ಹೇಳಿದ್ದೋ ಏನೋ. ಅವನು ಮಾತ್ರ ನಿಷ್ಠೆಯಿಂದ ಪಾಲಿಸಿದ್ದ. ಒಮ್ಮೆ ಕ್ಷೌರದಂಗಡಿಯ ರೇಡಿಯೋದಲ್ಲಿ ಆ ಹಾಡು ಬಂದಾಗ ಅರ್ಧ ಕತ್ತರಿಸಿದ ತಲೆಯಲ್ಲೇ, ಕೊರಳಿಗೆ ಬಟ್ಟೆ ಕಟ್ಟಿಕೊಂಡೇ ಹೊರಗೆ ಬಂದು ರಸ್ತೆಯಲ್ಲಿ ನಿಂತಿದ್ದ. ಲಕ್ವ ಹೊಡೆದ ಮೇಲೆ ಅದೇ ಅವರ ಆಟವಾಗಿತ್ತು. ಊಟ ಮುಗಿಸಿ ಅಣ್ಣ ಎಡಗೈಯಲ್ಲಿ ಚಮಚ ಹಿಡಿದು ಮಂಚದ ಕಂಬಿಯ ಮೇಲೆ ಹಾಡಿನ ತಾಳ ಬಡಿಯುತ್ತಿದ್ದ, ಅವರ ಟೇಪಿನದೇ ನಿಧಾನದ ತಾಳ. ಆ ಜಾಗ ಬಂದೊಡನೆ ಚಮಚ ನಿಲ್ಲುತ್ತಿತ್ತು. ಆಗ ಅವನು, ಅಣ್ಣನ ಆಗಿನ ಗಂಟಲು ತಂದುಕೊಂಡು, "ಏಯ್, ಸುಮ್ನಿರೋ! ಈಗ ಬರುತ್ತೆ ನೋಡು" ಎನ್ನಬೇಕು. ಅಣ್ಣನ ಅರ್ಧ ಮುಖ ನಗುತ್ತಿತ್ತು. ಅಣ್ಣನ ದನಿ ಎಂಬುದು ಈಗ ಲೋಕದಲ್ಲಿ ಉಳಿದಿದ್ದರೆ ಅದು ಅವನ ಗಂಟಲಲ್ಲಿ ಮಾತ್ರ, ಆ ನಾಲ್ಕು ಮಾತಿನಷ್ಟು.

ಅಷ್ಟೆಲ್ಲ ಇದ್ದೂ ಯಾಕೆ ಬಿಟ್ಟು ಬಂದೆ? ಕುರ್ಚಿ ಹುಡುಕಿ ಕೂತವನು ಇದನ್ನು ತನ್ನನ್ನೇ ಕೇಳಿಕೊಂಡ. ಉತ್ತರ ಗೊತ್ತಿದ್ದುದರಿಂದ ಬೇಗ ಬೇಗ ಸುತ್ತಲೂ ನೋಡತೊಡಗಿದ. ಪಕ್ಕದ ಖಾಲಿ ಕುರ್ಚಿಯ ಆಚೆ ಒಬ್ಬಳು ಹುಡುಗಿ ಕೂತಿದ್ದಳು. ತುಟಿಗೆ ಕಪ್ಪು ಬಣ್ಣ, ಮೂಗಿನ ಮೇಲೆ ಜಾರುತ್ತಿರುವ ಕನ್ನಡಕ. ಕಿವಿಯ ಹಿಂದಿನ ಬಾಗು ಸಾಲದು, ಬಿಸಿ ಮಾಡಿ ಒಂದಿಷ್ಟು ಬಗ್ಗಿಸಿದರೆ ನಿಲ್ಲುತ್ತದೆ ಎಂದು ಅವನ ಬೆರಳು ತಾನಾಗಿಯೇ ಯೋಚಿಸಿತು. "ಅಂಕಲ್, ಇಲ್ಲಿ ಯಾರಾದ್ರೂ ಬರ್ತಾರಾ?" "ನಮ್ಮಣ್ಣ..." ಎಂದವನು ನಾಲಿಗೆ ಕಚ್ಚಿಕೊಂಡು, "ಇಲ್ಲ, ಬರಲ್ಲ" ಎಂದ. ಅವಳು ತನ್ನ ಚೀಲವನ್ನೂ ಜಾಕೆಟನ್ನೂ ಅರ್ಧ ಕುಡಿದ ನೀರಿನ ಬಾಟಲಿಯನ್ನೂ ಆ ಕುರ್ಚಿಯ ಮೇಲೆ ಹೇರಿದಳು. ಸಿನಿಮಾ ಮಂದಿರದಲ್ಲೂ ಹೀಗೇ ಪಕ್ಕದಲ್ಲಿ ಯಾರೋ ಕೂತಿದ್ದರು. ಹೋದ ತಿಂಗಳು ಅಣ್ಣನನ್ನು ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋಗಿದ್ದ. ನಗುವ ಸನ್ನಿವೇಶ ಬಂತು, ಅಣ್ಣ ನಕ್ಕ. ಆ ನಗು ಈಗ ನಗುವಿನ ಹಾಗೆ ಬರುವುದಿಲ್ಲ, ಯಾರೋ ಕತ್ತು ಹಿಸುಕಿದ ಹಾಗೆ ಉದ್ದಕ್ಕೆ ಎಳೆದುಕೊಂಡು ಬರುತ್ತದೆ. ಮುಂದಿನ ಸಾಲಿನ ಮಗು ಹೆದರಿ ಅತ್ತಿತು. ತಲೆಗಳು ತಿರುಗಿದವು. ಪಕ್ಕದ ಮನುಷ್ಯ, ಒಳ್ಳೆಯವನೇ ಪಾಪ, ಬಗ್ಗಿ ಕೇಳಿದ: "ಇವರು ನಿಮಗೇನಾಗ್ಬೇಕು?" ಅವನ ಬಾಯಿಂದ ಬಂದ ಮಾತು: "ಪಕ್ಕದ ಮನೆಯವರು." ಅಣ್ಣನ ನಾಲಿಗೆ ಹೋಗಿದೆ, ಕಿವಿ ಹೋಗಿಲ್ಲ. ಆಮೇಲೆ ಸಿನಿಮಾ ಮುಗಿಯುವವರೆಗೂ ಅಣ್ಣ ನಗಲಿಲ್ಲ, ಎಡಗೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದ. ಮನೆಗೆ ಬಂದು ಅವನು ಅಣ್ಣನಿಗೆ ಹಾಲಲ್ಲಿ ನೆನೆಸಿದ ಬ್ರೆಡ್ಡು ತಿನ್ನಿಸಿದ, ಮುಖ ಒರೆಸಿದ, ದಿಂಬು ಸರಿ ಮಾಡಿದ, ಕ್ಷಮಿಸು ಎಂದು ಮಾತ್ರ ಅನ್ನಲಿಲ್ಲ. ಅಂದಿದ್ದರೆ, ಹಾಗೆ ಹೇಳಿದ್ದು ನಿಜ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು.

ಗದ್ದಲ ಎದ್ದಿತು. ನಾಲ್ವರೂ ಬಂದರು. ಇಷ್ಟು ದೂರದಿಂದ ಬೆರಳುದ್ದ ಕಾಣುವ ಆ ನಾಲ್ವರನ್ನು ಎರಡೂ ಕಡೆಯ ಪರದೆಗಳು ಮನೆಯಷ್ಟು ದೊಡ್ಡದು ಮಾಡಿ ತೋರಿಸುತ್ತಿದ್ದವು. ಹಾಡುವವನಿಗೆ ಹೊಟ್ಟೆ ಬಂದಿತ್ತು. ಕೂದಲಿಗೆ ಬಣ್ಣ ಹಚ್ಚಿದ್ದ, ಬೆವರಿನ ಜೊತೆ ಅದು ಕಿವಿಯ ಹತ್ತಿರ ಇಳಿಯುತ್ತಿತ್ತು. ಪಾಪ, ಇವನಿಗೂ ವಯಸ್ಸಾಯಿತಲ್ಲ ಎಂದುಕೊಳ್ಳುವಷ್ಟರಲ್ಲಿ ಡ್ರಮ್ಮಿನ ಮೊದಲ ಏಟು ಬಿತ್ತು. ಅದು ಕಿವಿಗೆ ಕೇಳಿಸಲಿಲ್ಲ, ಪಕ್ಕೆಲುಬಿಗೆ ತಾಗಿತು. ಅವನಿಗೆ ಗೊತ್ತಿದ್ದ ಹಾಡುಗಳೇ ಒಂದಾದ ಮೇಲೊಂದು ಬಂದವು, ಆದರೆ ಎಲ್ಲವೂ ಯಾರೋ ಬೆನ್ನಟ್ಟಿದ ಹಾಗೆ ಓಡುತ್ತಿದ್ದವು. ಅವನು ತುಟಿ ಅಲ್ಲಾಡಿಸುತ್ತಿದ್ದ, ಅವನ ಸಾಲು ಮುಗಿಯುವ ಮೊದಲೇ ಇಡೀ ಮೈದಾನ ಮುಂದಿನ ಸಾಲಿಗೆ ಹೋಗಿಬಿಡುತ್ತಿತ್ತು. ಇಷ್ಟು ಜನರಲ್ಲಿ ತಪ್ಪು ಹಾಡುತ್ತಿರುವವನು ತಾನೊಬ್ಬನೇ. ಹುಡುಗಿ ಇವನ ಕಡೆ ನೋಡಿ ನಕ್ಕಳು, ಕರುಣೆಯ ನಗು. ಎದ್ದು ಹೋಗಿಬಿಡಲೇ ಎನಿಸಿತು. ಈಗಲೂ ಸಮಯವಿದೆ, ಆ ಹಾಡು ಇನ್ನೂ ಬಂದಿಲ್ಲ, ಎದ್ದು ಹೋದರೆ ಒಂದು ಸುಳ್ಳಷ್ಟೇ ಆಗುತ್ತದೆ, ಕೊಟ್ಟ ಮಾತು ಉಳಿಯುತ್ತದೆ. ಕಾಲು ಏಳಲಿಲ್ಲ. ಕ್ಷೌರದಂಗಡಿಯಿಂದ ಓಡಿದ ಕಾಲುಗಳೇ ಅವು.

ಆ ಹಾಡು ಬಂತು. ಮೊದಲ ಎಳೆಗೇ ಮೈದಾನ ಹೋ ಎಂದಿತು. ಅವನು ಕಣ್ಣು ಮುಚ್ಚಿ, ಮೈಯೆಲ್ಲ ಕಿವಿಯಾಗಿ, ಈ ಅವಸರದ ಹಾಡಿನ ಅಡಿಯಲ್ಲಿ ತಮ್ಮ ನಿಧಾನದ ಹಾಡನ್ನು ಹಿಡಿದುಕೊಳ್ಳಲು ನೋಡಿದ. ಆ ಜಾಗ ಹತ್ತಿರವಾಯಿತು. ಟಕ್. ಈಗ ಅಣ್ಣ ಮಾತಾಡಬೇಕು. ಏಯ್, ಎಂದು ಅವನ ತುಟಿ ತೆರೆಯಿತು. ಆಗ ಗಿಟಾರ್ ಎದ್ದಿತು. ಮೊದಲು ಒಂದೇ ಸ್ವರ, ಅಳು ಬರುವ ಮೊದಲು ಗಂಟಲಲ್ಲಿ ತಡೆದು ನಿಲ್ಲುತ್ತದಲ್ಲ, ಹಾಗೆ. ಆಮೇಲೆ ಅದು ಕಟ್ಟೆ ಒಡೆದು ಏರಿತು, ಇಳಿಯಿತು, ಇಳಿದ ಮೆಟ್ಟಿಲನ್ನೇ ಮತ್ತೆ ಹತ್ತಿತು, ಇನ್ನು ಸಾಕು ಎನ್ನುವ ಕಡೆ ಇನ್ನೂ ಒಂದು ಮೆಟ್ಟಿಲು ಮೇಲೆ ಹೋಗಿ ಅಲ್ಲೇ ನಿಂತು ನಡುಗಿತು. ಅಣ್ಣ ಹೇಳಿದ್ದು ನಿಜವಾಗಿತ್ತು. ಸತ್ತರೂ ಪರವಾಗಿಲ್ಲ ಎನ್ನುವಂಥದ್ದೇ ಅದು. ಅವನು ಕುರ್ಚಿಯ ಮೇಲೆ ಹತ್ತಿ ನಿಂತಿದ್ದ, ಯಾವಾಗ ಹತ್ತಿದನೋ. ಹುಡುಗಿಯ ಕೈ ಹಿಡಿದುಕೊಂಡಿದ್ದ, ಅಥವಾ ಅವಳೇ ಹಿಡಿದಿದ್ದಳು, ಇಬ್ಬರೂ ಕೂಗುತ್ತಿದ್ದರು. ಅಂಥ ಸುಖ ಅವನ ಜನ್ಮದಲ್ಲಿ ಆಗಿರಲಿಲ್ಲ. ಆ ಗಿಟಾರ್ ಮುಗಿಯುವವರೆಗೂ ಅವನಿಗೆ ಅಣ್ಣ ಇರಲಿಲ್ಲ, ಮಂಚ ಇರಲಿಲ್ಲ, ಸುಳ್ಳು ಇರಲಿಲ್ಲ. ಮುಗಿದ ಮೇಲೆ ಚಪ್ಪಾಳೆಯ ನಡುವೆ ಅದು ಹೊಳೆಯಿತು. ಬಿಟ್ಟು ಬಂದದ್ದು ಹೋಗಲಿ, ಮರೆತೂಬಿಟ್ಟೆನಲ್ಲ ಎಂದುಕೊಂಡು, ಗಾಬರಿಯಿಂದ ಒಳಗೇ ಅಣ್ಣನ ದನಿಗಾಗಿ ತಡಕಾಡಿದ. ಏಯ್, ಸುಮ್ನಿರೋ. ಮಾತುಗಳಿದ್ದವು. ದನಿ ಇರಲಿಲ್ಲ. ಆ ಜಾಗದಲ್ಲಿ ಗಿಟಾರ್ ಕೂತುಬಿಟ್ಟಿತ್ತು. ಟೇಪಿನ ಮೇಲೆ ಅಂದು ಆದದ್ದೇ ಈಗ ತನ್ನ ತಲೆಯಲ್ಲಿ ತಿರುಗುಮುರುಗಾಗಿ ಆಗಿದೆ ಎಂದು ಅವನಿಗೆ ಅರ್ಥವಾಯಿತು. ಹುಡುಗಿ "ಅಂಕಲ್, ಅಳ್ತಿದ್ದೀರಾ? ನಾನೂ ಅಷ್ಟೇ, ಯಾವಾಗ್ಲೂ ಇಲ್ಲೇ ಅಳೋದು" ಎಂದು ಖುಷಿಯಿಂದ ಕೂಗಿದಳು.

ಸಂಜೆಯ ಬೆಳಕು ಇನ್ನೂ ಇದ್ದಾಗಲೇ ಎಲ್ಲ ಮುಗಿಯಿತು. ಕೊಡೆಗಳ ರಾಶಿಯಲ್ಲಿ ತನ್ನದು ಸಿಗಲಿಲ್ಲ, ಹುಡುಕುವ ಮನಸ್ಸೂ ಇರಲಿಲ್ಲ. ಅವನು ನೆಟ್ಟಗೆ ಮನೆಗೆ ಹೋಗದೆ ಅಂಗಡಿಗೆ ಹೋದ. ಅರ್ಧ ಬಾಗಿಲು ಎತ್ತಿ ಒಳಗೆ ನುಗ್ಗಿ, ಲೆನ್ಸ್ ಉಜ್ಜುವ ಯಂತ್ರದ ಮುಂದೆ ಸ್ವಲ್ಪ ಹೊತ್ತು ಕೂತ, ಮೈಗೆ ಅಂಗಡಿಯ ವಾಸನೆ ಹತ್ತಲಿ ಎಂದು. ಗೋಡೆಯ ತುಂಬ ಖಾಲಿ ಫ್ರೇಮುಗಳು ಅವನನ್ನೇ ನೋಡುತ್ತಿದ್ದವು. ಮಣಿಕಟ್ಟಿನ ಹಸಿರು ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಿ ಕಸದ ಬುಟ್ಟಿಯ ತಳಕ್ಕೆ ತುರುಕಿದ. ಮುಂಗೈ ಮೇಲಿನ ಮುದ್ರೆಗೆ ಜೇಬಿನ ಬಾಟಲಿಯ ದ್ರಾವಣ ಹಾಕಿ, ಕನ್ನಡಕದ ಬಟ್ಟೆಯಿಂದ ಚರ್ಮ ಕೆಂಪಾಗುವವರೆಗೂ ಉಜ್ಜಿದ. ಎರಡೂ ಟಿಕೆಟ್ಟುಗಳನ್ನು ಚೂರು ಚೂರು ಮಾಡಿದ. ಕಳ್ಳನೂ ಇಷ್ಟು ಜೋಪಾನ ಮಾಡುವುದಿಲ್ಲ ಎನಿಸಿ ನಾಚಿಕೆಯಾಯಿತು, ಆದರೂ ಅಂಗಿಯ ಮೇಲೆ ಒಂದಿಷ್ಟು ಗಾಜಿನ ಪುಡಿ ಉದುರಿಸಿಕೊಂಡ. ಬಸ್ಸಿನಲ್ಲಿ ಕೂತಾಗ ಕಿವಿ ಗುಂಯ್ ಎನ್ನುತ್ತಿತ್ತು. ಆ ಗುಂಯ್‌ನ ಒಳಗೆ ಗಿಟಾರ್ ಬೇಡವೆಂದರೂ ಬಿಡದೆ ಏರುತ್ತಿತ್ತು, ಇಳಿಯುತ್ತಿತ್ತು. ಅದನ್ನು ಓಡಿಸಲು ಅವನು ಬಸ್ಸಿನ ಕಿಟಕಿಯ ಗಾಜಿಗೆ ತುಟಿ ಹತ್ತಿಸಿ, ಏಯ್ ಸುಮ್ನಿರೋ, ಏಯ್ ಸುಮ್ನಿರೋ, ಎಂದು ಗೊಣಗುತ್ತಾ ಬಂದ. ಎಲ್ಲವೂ ಅವನದೇ ದನಿಯಲ್ಲಿ ಬಂತು, ಕನ್ನಡಕ ಮಾರುವವನ ದನಿಯಲ್ಲಿ. ಮುಂದಿನ ಸೀಟಿನವನು ತಿರುಗಿ ನೋಡಿ, ಎದ್ದು ಬೇರೆ ಕಡೆ ಹೋಗಿ ಕೂತ.

"ಬಂದ್ಯಾ, ಅಣ್ಣ ಊಟ ಮಾಡಿದ್ನಾ?" ಎಂದು ಹೆಂಡತಿಯನ್ನು ಕೇಳಿದ. ಅವಳು ಹುಬ್ಬು ಗಂಟಿಕ್ಕಿದಳು. "ಬಂದೋರು ನೀವು. ಯಾಕೆ ಹಂಗೆ ಕೂಗ್ತೀರಾ, ನಂಗೇನು ಕಿವುಡಾ?" ಅವನು ದನಿ ತಗ್ಗಿಸಿದ. ಅವಳು ಅವನ ಅಂಗಿಯ ಮೇಲಿನ ಗಾಜಿನ ಪುಡಿಯನ್ನೂ ಕೆಂಪಾದ ಮುಂಗೈಯನ್ನೂ ನೋಡಿ, ಬ್ರೆಡ್ಡು ಹಾಲಿನ ಬಟ್ಟಲನ್ನು ಅವನ ಕೈಗೆ ಕೊಟ್ಟಳು. "ಮಧ್ಯಾಹ್ನ ಏನೂ ತಿಂದಿಲ್ಲ ಭಾವ. ಬಾಗಿಲ ಕಡೆನೇ ನೋಡ್ತಿದ್ರು." ಅವನು ಕೋಣೆಗೆ ಹೋಗಿ ದೀಪ ಹಾಕಿದ. ಅಣ್ಣ ದಿಂಬಿಗೆ ಒರಗಿ ಎಚ್ಚರವಾಗಿಯೇ ಇದ್ದ. ದವಡೆಯ ಅಂಚಿನ ಆ ಚೂರು ಗಡ್ಡ ದೀಪಕ್ಕೆ ಬೆಳ್ಳಗೆ ಕಂಡಿತು. "ಉಸ್ಸಪ್ಪಾ, ಕೆಲಸ ಕಣಣ್ಣ, ಕುತ್ತಿಗೆ ಹಿಡ್ಕೊಂಡ್ಬಿಟ್ಟಿದೆ" ಎನ್ನುತ್ತಾ ಅವನು ತಿನ್ನಿಸತೊಡಗಿದ. ಅಣ್ಣ ಸಣ್ಣ ಮಗುವಿನ ಹಾಗೆ ಒಂದೂ ತುತ್ತು ಬಿಡದೆ ತಿಂದ. ಎಲ್ಲ ಸರಿಹೋಗುತ್ತಿದೆ ಎನಿಸಿತು. ಇನ್ನೊಂದೆರಡು ದಿನ ಕಳೆದರೆ ಸುಳ್ಳಿಗೂ ಅಭ್ಯಾಸವಾಗುತ್ತದೆ, ದನಿಯೂ ಎಲ್ಲಿಂದಲೋ ಮರಳಿ ಬರುತ್ತದೆ. ಬಟ್ಟಲು ಖಾಲಿಯಾದ ಮೇಲೆ ಅಣ್ಣ ಚಮಚಕ್ಕಾಗಿ ಎಡಗೈ ಚಾಚಿದ. ಅವನು ಕೊಟ್ಟ. ಕಂಬಿಯ ಮೇಲೆ ತಾಳ ಶುರುವಾಯಿತು, ಅವರದೇ ತಾಳ, ಸಡಿಲು ಬೆಲ್ಟಿನ ನಿಧಾನದ ತಾಳ. ಅವನು ಬಟ್ಟಲನ್ನು ನೆಲದ ಮೇಲಿಟ್ಟು, ಟವೆಲಿನಿಂದ ಅಣ್ಣನ ಗದ್ದ ಒರೆಸುತ್ತಾ, ದಣಿವಿಗೋ ನೆಮ್ಮದಿಗೋ ಕಣ್ಣು ಅರೆಮುಚ್ಚಿದ. ಚಮಚ ಆ ಜಾಗಕ್ಕೆ ಬಂದು ನಿಂತಿತು. ಅವನ ಗಂಟಲಿನಿಂದ, ಅವನಿಗೆ ತಿಳಿಯದೆಯೇ, ಸ್ವರ ಹೊರಟಿತು. ಅಳು ಬರುವ ಮೊದಲು ತಡೆದು ನಿಲ್ಲುವ ಒಂದೇ ಸ್ವರ, ಆಮೇಲೆ ಏರಿಕೆ, ಇಳಿಕೆ, ಇಳಿದ ಮೆಟ್ಟಿಲನ್ನೇ ಮತ್ತೆ ಹತ್ತುವುದು.

ಟವೆಲು ಹಿಡಿದ ಕೈ ತಾನಾಗಿ ನಿಂತಿತು. ಅಣ್ಣ ಅವನನ್ನೇ ನೋಡುತ್ತಿದ್ದ. ಪಟ್ಟಿ ಕತ್ತರಿಸಿದ್ದ, ಮುದ್ರೆ ಉಜ್ಜಿದ್ದ, ಟಿಕೆಟ್ಟು ಹರಿದಿದ್ದ, ಇದನ್ನು ಮಾತ್ರ ಬಾಯಲ್ಲೇ ಇಟ್ಟುಕೊಂಡು ಮನೆಯೊಳಗೆ ಬಂದಿದ್ದ. ಮನೆಯಲ್ಲಿ ಇದನ್ನು ಗುರುತು ಹಿಡಿಯಬಲ್ಲ ಒಬ್ಬನೇ ಮನುಷ್ಯನ ಮುಂದೆ ಹಾಡಿಯೂ ಬಿಟ್ಟಿದ್ದ. ಬೈಗುಳವನ್ನಾದರೂ ಹುಡುಕಿ ಅವನು ಅಣ್ಣನ ಕಣ್ಣಿಗೆ ಕಣ್ಣು ಕೊಟ್ಟ. ಅಲ್ಲಿ ಸಿಟ್ಟಿರಲಿಲ್ಲ. ನೀರು ತುಂಬಿದ್ದ ಆ ಕಣ್ಣುಗಳಲ್ಲಿ ಇದ್ದದ್ದು ಆಸೆ. ಅಣ್ಣ ತಲೆಯನ್ನು ಸ್ವಲ್ಪ ಮುಂದಕ್ಕೆ ತಂದ, ಟೇಪಿಗೆ ಕಿವಿ ಒತ್ತುವ ಹಾಗೆ. ಚಮಚ ಎತ್ತಿ ಮೊದಲಿನಿಂದ ಬಡಿಯತೊಡಗಿದ. ಈ ಸಲ ಬೇಗ ಬೇಗ, ಮೈದಾನದಲ್ಲಿ ಕೇಳಿದಷ್ಟೇ ಬೇಗ. ಗೆಳೆಯನ ಮನೆಯಲ್ಲಿ ಕೇಳಿದ ನಿಜವಾದ ವೇಗ ಅಣ್ಣನಿಗೆ ಎಂದೂ ಮರೆತಿರಲಿಲ್ಲ. ಇಷ್ಟು ವರ್ಷ ನಿಧಾನಕ್ಕೆ ಬಡಿದದ್ದು, ಬೇರೆ ವೇಗಕ್ಕೆ ಒಗ್ಗದ ತಮ್ಮನಿಗಾಗಿ. ಚಮಚ ಆ ಜಾಗಕ್ಕೆ ಬಂದು, ಕಂಬಿಯಿಂದ ಒಂದು ಬೆರಳು ಮೇಲೆ ನಿಂತಿತು. ಹೇಳು, ಎಂದಿತು ಆ ಕೈ. ಅವನು ಬಾಯಿ ತೆರೆದ. ಮೊದಲ ಸ್ವರ ಬಂತು, ನಡುಗಿ ಒಡೆಯಿತು, ಮುಂದಿನದು ಯಾವುದೆಂದು ತಿಳಿಯಲಿಲ್ಲ. ಬಸ್ಸಿನುದ್ದಕ್ಕೂ ಬೇಡವೆಂದರೂ ಬಿಡದಿದ್ದದ್ದು ಈಗ ಬೇಕೆಂದರೆ ಇರಲಿಲ್ಲ. ಹೋಗಲಿ, ಹಳೆಯ ಮಾತನ್ನಾದರೂ ಆಡೋಣವೆಂದು "ಏಯ್, ಸುಮ್ನಿರೋ" ಎಂದ. ಯಾರದೋ ದನಿ. ಅಣ್ಣ ಇಲ್ಲವೆಂಬಂತೆ ಮೆಲ್ಲಗೆ ತಲೆ ಆಡಿಸಿದ, ಅದಲ್ಲ, ಇನ್ನೊಂದು. "ಅಣ್ಣಾ, ನಂಗೆ ಬರ್ತಿಲ್ಲ ಕಣೋ" ಎಂದ ಅವನು. ಚಮಚ ಕೆಳಗಿಳಿಯಲಿಲ್ಲ. ಗೋಡೆಯಾಚೆ ಹೆಂಡತಿ ಯಾವುದೋ ಪಾತ್ರೆ ಇಟ್ಟ ಸದ್ದಾಯಿತು, ಆಮೇಲೆ ಅದೂ ನಿಂತಿತು. ಅಣ್ಣ ಉಸಿರು ಹಿಡಿದು ಕಾಯುತ್ತಲೇ ಇದ್ದ.